ಎತ್ತು ಈದ ಫೋಟೊ ಬಂದಾಗ: ಟಿನ್‌ಐ, ಗೂಗಲ್ ಲೆನ್ಸ್, ವೇಬ್ಯಾಕ್ ಮಷೀನ್

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಮೊದಲೂ ಇದ್ದರು. ಈಗ ಎತ್ತು ಈದದ್ದಕ್ಕೆ ಫೋಟೊ ಕೂಡ ಬರುತ್ತದೆ, ಅಷ್ಟೇ ವ್ಯತ್ಯಾಸ. ಹೆಚ್ಚಿನ ಸಲ ಫೋಟೊ ಅಸಲಿಯೇ ಆಗಿರುತ್ತದೆ. ಸುಳ್ಳು ಅಡಗಿರುವುದು ಕೆಳಗೆ ಅಂಟಿಸಿದ ಒಂದು ಸಾಲಿನಲ್ಲಿ: ವರ್ಷ ಬೇರೆ, ಜಾಗ ಬೇರೆ, ಘಟನೆಯೇ ಬೇರೆ. ಹಾಗಾಗಿ ‘ಇದು ನಕಲಿಯೇ?’ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ‘ಇದು ಇದಕ್ಕೂ ಮುಂಚೆ ಎಲ್ಲಿತ್ತು?’ ಎಂದು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಹುಡುಕಿಕೊಡುವ, ದುಡ್ಡಿಲ್ಲದೆ ಸಿಗುವ ಮೂರು ಸೇವೆಗಳ ವಿಮರ್ಶೆ ಇದು. ಮೂರರಲ್ಲಿ ಒಂದೂ ನಿಜ–ಸುಳ್ಳು ಹೇಳುವ ಯಂತ್ರವಲ್ಲ. ಹಾಗೆಂದುಕೊಂಡು ಬಳಸಿದವರೇ ಹೆಚ್ಚು ಎಡವುತ್ತಾರೆ.

ಟಿನ್‌ಐ 2008ರಿಂದ ಇದೆ. ಕೊಟ್ಟ ಚಿತ್ರಕ್ಕೆ ಬೆರಳಚ್ಚಿನಂಥ ಒಂದು ಗುರುತು ಮಾಡಿಕೊಂಡು, ಅದೇ ಚಿತ್ರ ಬೇರೆಲ್ಲಿದೆ ಎಂದು ಹುಡುಕುತ್ತದೆ. ಅಂಚು ಕತ್ತರಿಸಿದ್ದರೂ ಬಣ್ಣ ಬದಲಿಸಿದ್ದರೂ ಸಾಮಾನ್ಯವಾಗಿ ಹಿಡಿಯುತ್ತದೆ. ಮುಖ ಗುರುತಿಸುವುದಿಲ್ಲ, ‘ಇದರಂಥದ್ದು’ ತೋರಿಸುವುದಿಲ್ಲ. ಅದು ಕೊರತೆಯಲ್ಲ, ಅದರ ಗುಣ. ಫಲಿತಾಂಶ ಬಂದ ಕೂಡಲೇ ವಿಂಗಡಣೆಯನ್ನು ‘ಓಲ್ಡೆಸ್ಟ್’ಗೆ ಬದಲಿಸಿ. ನಿನ್ನೆಯ ಗಲಭೆಯದ್ದು ಎನ್ನುವ ಫೋಟೊ ಐದು ವರ್ಷದ ಹಿಂದಿನ ಪುಟದಲ್ಲಿ ಕಂಡರೆ ಕೆಲಸ ಅಲ್ಲಿಗೆ ಮುಗಿಯಿತು. ‘ಬಿಗ್ಗೆಸ್ಟ್ ಇಮೇಜ್’ ಒತ್ತಿದರೆ ಮೂಲಕ್ಕೆ ಹತ್ತಿರದ ಪ್ರತಿ ಸಿಗುವ ಸಾಧ್ಯತೆ ಹೆಚ್ಚು. ಕತ್ತರಿಸಿ ಬಿಸಾಕಿದ ಅಂಚಿನಲ್ಲಿ ಏನಿತ್ತು ಎಂಬುದು ಅಲ್ಲಿ ಗೊತ್ತಾಗುತ್ತದೆ. ‘ಮೋಸ್ಟ್ ಚೇಂಜ್ಡ್’ ತಿದ್ದಿದ ಪ್ರತಿಗಳನ್ನು ಮೇಲೆ ತರುತ್ತದೆ.

ಬಹಳ ಜನ ಮುಗ್ಗರಿಸುವುದು ದಿನಾಂಕದಲ್ಲಿ. ಟಿನ್‌ಐ ತೋರಿಸುವುದು ತನ್ನ ಕಣ್ಣಿಗೆ ಆ ಚಿತ್ರ ಮೊದಲು ಬಿದ್ದ ದಿನವನ್ನು. ಚಿತ್ರ ತೆಗೆದ ದಿನವನ್ನೂ ಅಲ್ಲ, ಪ್ರಕಟವಾದ ದಿನವನ್ನೂ ಅಲ್ಲ. ಹಾಗಾಗಿ ಹಳೆಯ ದಿನಾಂಕ ಗಟ್ಟಿ ಸಾಕ್ಷಿ: ಅಷ್ಟು ಹೊತ್ತಿಗೆ ಚಿತ್ರ ಇತ್ತು. ಹೊಸ ದಿನಾಂಕದಿಂದ ಏನೂ ಸಾಬೀತಾಗುವುದಿಲ್ಲ. ‘0 ಫಲಿತಾಂಶ’ ಬಂದರೂ ಅಷ್ಟೇ. ಆಗ ಮೊಬೈಲ್ ಸ್ಕ್ರೀನ್‌ಶಾಟಿನ ಅಂಚು, ಮೇಲೆ ಬರೆದ ಅಕ್ಷರ ಎಲ್ಲ ಕತ್ತರಿಸಿ ಇನ್ನೊಮ್ಮೆ ಹಾಕಿ. ಫಲಕಗಳ ಅಕ್ಷರ ಉಲ್ಟಾ ಕಂಡರೆ ಎಡಬಲ ತಿರುಗಿಸಿ ಹಾಕಿ.

ಗೂಗಲ್ ಲೆನ್ಸ್ 2017ರಲ್ಲಿ ಬಂತು, 2022ರಲ್ಲಿ ಗೂಗಲ್‌ನ ಹಳೆಯ ಚಿತ್ರ ಹುಡುಕಾಟದ ಜಾಗದಲ್ಲಿ ಕೂತಿತು. ಅದಕ್ಕೆ ಅಂಗಡಿಯವನ ಕಣ್ಣು. ಕುಸಿದ ಸೇತುವೆಯ ಫೋಟೊ ಕೊಟ್ಟರೆ ಮುಂದೆ ನಿಂತವನ ಜಾಕೆಟ್ಟಿನ ಮೇಲೆ ಚೌಕ ಹಾಕಿ, ಕೊಳ್ಳುವ ಕೊಂಡಿ ತೋರಿಸುತ್ತದೆ. ಚೌಕದ ಮೂಲೆಗಳನ್ನು ಎಳೆದು ಇಡೀ ಚಿತ್ರಕ್ಕೆ ಹಿಗ್ಗಿಸಿ, ‘ಎಕ್ಸಾಕ್ಟ್ ಮ್ಯಾಚಸ್’ ಒತ್ತಿ. ಜಾಗ ಪತ್ತೆ ಮಾಡುವುದಿದ್ದರೆ ಉಲ್ಟಾ ಕೆಲಸ: ಚೌಕವನ್ನು ಒಂದು ಫಲಕಕ್ಕೋ ಗೋಪುರಕ್ಕೋ ಕುಗ್ಗಿಸಿ. ಇದರಲ್ಲಿ ಲೆನ್ಸ್‌ನ ಮುಂದೆ ಟಿನ್‌ಐ ನಿಲ್ಲುವುದೇ ಇಲ್ಲ. ವಿಡಿಯೊಗೂ ಇದೇ ದಾರಿ: ದೃಶ್ಯ ಬದಲಾಗುವ ಕಡೆ ನಿಲ್ಲಿಸಿ ಮೂರು–ನಾಲ್ಕು ಸ್ಕ್ರೀನ್‌ಶಾಟ್ ತೆಗೆದು, ಒಂದೊಂದನ್ನೇ ಹುಡುಕಿ.

ಲೆನ್ಸ್‌ನ ದೋಷ ಬೇರೆ ಥರದ್ದು. ಚಿತ್ರ ಬಿಸಿಬಿಸಿಯಾಗಿ ಓಡಾಡುತ್ತಿರುವಾಗ ಮೇಲಿನ ಸಾಲುಗಳಲ್ಲಿ ಬರುವುದು ಅದೇ ಸುಳ್ಳು ಸಾಲನ್ನು ಹೊತ್ತ ಪುಟಗಳು. ಹತ್ತು ಕಡೆ ಇದ್ದರೆ ಹತ್ತು ಸಾಕ್ಷಿ ಎಂದು ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ಒಬ್ಬನ ಮಾತನ್ನು ಹತ್ತು ಜನ ಒಪ್ಪಿಸಿದರೆ ಸಾಕ್ಷಿ ಒಂದೇ. ಪುಟಗಳ ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ಓದಿ. ಒಂದೇ ಕಾಗುಣಿತದ ತಪ್ಪು ಎಲ್ಲದರಲ್ಲೂ ಇದ್ದರೆ ಮೂಲವೂ ಒಂದೇ ಇರಬೇಕು.

ನೆರೆನೀರಿನ ಹೆದ್ದಾರಿಯಲ್ಲಿ ಈಜುವ ಶಾರ್ಕಿನ ಚಿತ್ರ ಈ ಸಾಧನಗಳಿಗೆ ಒಳ್ಳೆಯ ಪರೀಕ್ಷೆ. 2011ರ ಐರೀನ್ ಚಂಡಮಾರುತದಲ್ಲಿ ಅದು ಪೋರ್ಟೊ ರೀಕೊದ್ದಾಗಿತ್ತು, 2017ರ ಹಾರ್ವೆಯಲ್ಲಿ ಹ್ಯೂಸ್ಟನ್‌ನದ್ದಾಯಿತು. ಶಾರ್ಕನ್ನು ಕತ್ತರಿಸಿ ತೆಗೆದದ್ದು ಛಾಯಾಗ್ರಾಹಕ ಥಾಮಸ್ ಪೆಸ್ಚಾಕ್ ದಕ್ಷಿಣ ಆಫ್ರಿಕಾದ ಕಡಲಲ್ಲಿ ಕಯಾಕಿನ ಹಿಂದೆ ಬಂದ ಶಾರ್ಕನ್ನು ಸೆರೆಹಿಡಿದ ಚಿತ್ರದಿಂದ. ಆದರೆ 2022ರಲ್ಲಿ ಇಯಾನ್ ಚಂಡಮಾರುತ ಬಂದಾಗ, ಫ್ಲಾರಿಡಾದ ಫೋರ್ಟ್ ಮಯರ್ಸ್‌ನ ನೆರೆನೀರಿನಲ್ಲಿ ಶಾರ್ಕಿನಂಥ ಮೀನು ಈಜುವ ವಿಡಿಯೊ ಬಂತು. ಮತ್ತದೇ ಹಳೇ ಶಾರ್ಕು ಎಂದು ಬಹಳ ಜನ ನಕ್ಕರು. ಎಪಿ ಸುದ್ದಿಸಂಸ್ಥೆ ಮೂಲ ಫೈಲಿನ ಮೆಟಾಡೇಟಾ (ತೆಗೆದ ದಿನ, ಸಮಯದಂಥ ಒಳಮಾಹಿತಿ) ತರಿಸಿ ನೋಡಿದರೆ, ವಿಡಿಯೊ ಅದೇ ದಿನದ್ದು! ಇಲ್ಲಿ ವಿಮರ್ಶಿಸಿದ ಯಾವ ಸೇವೆಯಿಂದಲೂ ಆ ಉತ್ತರ ಹೊರಡುತ್ತಿರಲಿಲ್ಲ. ವಾಟ್ಸ್ಯಾಪ್, ಫೇಸ್‌ಬುಕ್ ಮೂಲಕ ಬಂದ ಪ್ರತಿಯಲ್ಲಿ ಆ ಮಾಹಿತಿ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ತೆಗೆದವರಿಂದ ಮೂಲ ಫೈಲನ್ನೇ ಕೇಳಿ ಪಡೆಯಬೇಕು.

ಚಿತ್ರವಲ್ಲ, ಮಾತು ಬದಲಾಗಿದೆ ಎಂಬ ಅನುಮಾನವಿದ್ದರೆ ವೇಬ್ಯಾಕ್ ಮಷೀನ್. 1996ರಲ್ಲಿ ಶುರುವಾದ ಇಂಟರ್ನೆಟ್ ಆರ್ಕೈವ್ 2001ರಲ್ಲಿ ಇದನ್ನು ಎಲ್ಲರಿಗೂ ತೆರೆಯಿತು. ಪುಟದ ವಿಳಾಸ ಹಾಕಿದರೆ ಕ್ಯಾಲೆಂಡರ್ ಬರುತ್ತದೆ, ಗುರುತಿದ್ದ ದಿನ ಒತ್ತಿದರೆ ಅಂದಿನ ಪ್ರತಿ. ವಿಳಾಸದಲ್ಲಿ ಕಾಣುವ 14 ಅಂಕಿಗಳೇ ದಿನಾಂಕ ಮತ್ತು ಸಮಯ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಅದು ಗ್ರೀನ್‌ವಿಚ್ ಸಮಯ. ನಿಮ್ಮ ಗಡಿಯಾರಕ್ಕೆ ಹೊಂದಿಸದೆ ‘ಘಟನೆಗೆ ಮುಂಚೆಯೇ ಬರೆದಿದ್ದರು’ ಎಂದು ಹಾರಾಡಬೇಡಿ. ‘ಚೇಂಜಸ್’ನಲ್ಲಿ ಎರಡು ದಿನದ ಪ್ರತಿ ಆರಿಸಿದರೆ ತೆಗೆದದ್ದು, ಸೇರಿಸಿದ್ದು ಬೇರೆ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಸದ್ದಿಲ್ಲದೆ ತಿದ್ದಿದ ಶೀರ್ಷಿಕೆ ಹಿಡಿಯಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೂ ಹೇಳಬಹುದಾದದ್ದು ‘ಈ ಎರಡು ಪ್ರತಿಗಳ ನಡುವೆ ಬದಲಾಯಿತು’ ಎಂದಷ್ಟೇ.

ಇಲ್ಲಿ ಕಾಲು ಜಾರಿ ಬೀಳುವ ದೊಡ್ಡ ಹಳ್ಳ ಒಂದಿದೆ. ಹಳೆಯ ಪುಟದಲ್ಲಿ ಕಾಣುವುದೆಲ್ಲ ಒಂದೇ ದಿನ ಸಂಗ್ರಹವಾದದ್ದಲ್ಲ. ಪಠ್ಯ ಮಾರ್ಚ್‌ನದ್ದು, ನಡುವಿನ ಚಿತ್ರ ಸೆಪ್ಟೆಂಬರ್‌ನದ್ದು ಇರಬಹುದು. ಮೇಲ್ಪಟ್ಟಿಯ ‘ಅಬೌಟ್ ದಿಸ್ ಕ್ಯಾಪ್ಚರ್’ ಬಿಚ್ಚಿದರೆ ಭಾಗಭಾಗದ ದಿನಾಂಕ ಸಿಗುತ್ತದೆ; ಅದನ್ನು ನೋಡದೆ ಆರೋಪ ಹೊರಿಸಬೇಡಿ. ಲಾಗಿನ್ ಬೇಡುವ ಪುಟಗಳು ಇಲ್ಲಿ ಇರುವುದಿಲ್ಲ, ಮಾಲೀಕರು ಕೇಳಿಕೊಂಡು ತೆಗೆಸಿದವೂ ಇರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಿಂದ ಸೇವೆಯೇ ಕೆಲವು ದಿನ ನಿಂತಿತ್ತು. ವಾದಕ್ಕಿಳಿಯುವ ಮೊದಲೇ ‘ಸೇವ್ ಪೇಜ್ ನೌ’ ಒತ್ತಿ, ಜೊತೆಗೆ ನಿಮ್ಮದೊಂದು ಪ್ರತಿ ಇಟ್ಟುಕೊಳ್ಳಿ.

ಎಐ (ಕೃತಕ ಬುದ್ಧಿಮತ್ತೆ) ತಯಾರಿಸಿದ ಚಿತ್ರಗಳ ವಿಷಯಕ್ಕೆ ಬಂದರೆ ಸಾಮಾನ್ಯವಾಗಿ ಮೂರೂ ಕೈಚೆಲ್ಲುತ್ತವೆ. 2023ರ ಮಾರ್ಚ್‌ನಲ್ಲಿ ಆಗಿನ ಪೋಪ್ ಫ್ರಾನ್ಸಿಸ್ ಬಿಳಿ ಪಫರ್ ಜಾಕೆಟ್ ತೊಟ್ಟ ಎಐ ಚಿತ್ರ ಹರಡಿತು; ಅದರ ಹಿಂದೆ ಅಸಲಿ ಫೋಟೊ ಯಾವುದೂ ಇರಲಿಲ್ಲ. ಆಗ ಕೇಳಬೇಕಾದದ್ದು: ಇಷ್ಟು ಜನರ ನಡುವೆ ನಡೆದದ್ದಕ್ಕೆ ಎರಡನೆಯ ಕ್ಯಾಮೆರಾ, ಎರಡನೆಯ ಕೋನ ಎಲ್ಲಿ? ‘ಶೇಕಡಾ 92 ನಕಲಿ’ ಎಂದು ಅಂಕ ಕೊಡುವ ತಾಣಗಳನ್ನು ಮಾತ್ರ ಶಿಫಾರಸು ಮಾಡಲಾರೆವು. ಹತ್ತು ಗುಂಪು ದಾಟಿ ಬಂದ ಚಿತ್ರ ಪ್ರತಿ ಸಲ ಕುಗ್ಗಿ ಹಾಳಾಗಿರುತ್ತದೆ. ಆ ಹಾಳನ್ನೇ ತಿದ್ದುಪಡಿ ಎಂದು ಓದಿ ಅಸಲಿಯನ್ನು ನಕಲಿ ಮಾಡಿಬಿಡುವುದುಂಟು.