ಅರೇ, ಆಬ್ಜೆಕ್ಟ್, ಮ್ಯಾಪ್: ಎಲ್ಲಕ್ಕೂ ಒಂದೇ ಲೂಪ್ ಫಂಕ್ಷನ್ ಸಾಕಾ?

ಜಾವಾಸ್ಕ್ರಿಪ್ಟ್‌ನಲ್ಲಿ ಡೇಟಾ ಒಮ್ಮೆ ಅರೇ (ಸಾಲಾದ ಪಟ್ಟಿ) ಆಗಿ ಬರುತ್ತದೆ, ಒಮ್ಮೆ ಆಬ್ಜೆಕ್ಟ್ (ಕೀ ಅನ್ನುವ ಹೆಸರು, ಅದರ ವ್ಯಾಲ್ಯೂ, ಇಂಥ ಜೋಡಿಗಳು) ಆಗಿ, ಇನ್ನೊಮ್ಮೆ ಮ್ಯಾಪ್ (ಅಂಥದ್ದೇ ಜೋಡಿಗಳ ಇನ್ನೊಂದು ಬಗೆ) ಆಗಿ. ಏನು ಕೊಟ್ಟರೂ ಲೂಪ್ ಮಾಡುವ ಒಂದೇ ಫಂಕ್ಷನ್ ಇದ್ದರೆ ಆರಾಮ ಅಲ್ವಾ? ಜೆಕ್ವೆರಿ ಲೈಬ್ರರಿಯ ಈಚ್, ಲೋಡ್ಯಾಶ್ ಲೈಬ್ರರಿಯ ಫಾರ್‌ಈಚ್, ಭಾಷೆಯದೇ ಲೂಪ್ ಆದ ಫಾರ್-ಆಫ್ ಮೇಲೆ ನಾನೇ ಬರೆದುಕೊಂಡ ಪುಟ್ಟ ಫಂಕ್ಷನ್, ಈ ಮೂರಕ್ಕೂ ಒಂದೇ ಡೇಟಾ ಕೊಟ್ಟು ನೋಡಿದೆ.

ಅರೇ ವಿಷಯದಲ್ಲಿ ಹೇಳುವಂಥದ್ದೇನೂ ಇಲ್ಲ. ಜೆಕ್ವೆರಿ ಮಾತ್ರ ಕಾಲ್‌ಬ್ಯಾಕ್‌ಗೆ (ಪ್ರತಿ ಸುತ್ತಿಗೂ ಓಡಲಿ ಅಂತ ನಾವು ಕೊಡುವ ಫಂಕ್ಷನ್) ಮೊದಲು ಇಂಡೆಕ್ಸ್ ಕೊಡುತ್ತದೆ, ಆಮೇಲೆ ವ್ಯಾಲ್ಯೂ. ಲೋಡ್ಯಾಶ್‌ನದು ಉಲ್ಟಾ.

ಮಜಾ ಇರುವುದು ಆಬ್ಜೆಕ್ಟ್‌ನಲ್ಲಿ. ಬಟ್ಟೆ ಅಂಗಡಿಯ ಒಂದು ಐಟಂ ಅಂದುಕೊಳ್ಳಿ: ಕಲರ್ ಕೆಂಪು, ರೇಟ್ 850, ಲೆಂಗ್ತ್ 6. ಇದನ್ನು ಲೋಡ್ಯಾಶ್‌ಗೆ ಕೊಟ್ಟರೆ ಲೂಪ್ ಆರು ಸಲ ಓಡುತ್ತದೆ, ಆರು ಸಲವೂ ಅನ್‌ಡಿಫೈನ್ಡ್, ಅಂದರೆ ವ್ಯಾಲ್ಯೂ ಏನೂ ಇಲ್ಲ! ಲೆಂಗ್ತ್ ಅನ್ನುವ ಪ್ರಾಪರ್ಟಿಯಲ್ಲಿ ನಂಬರ್ ಕಂಡರೆ ಸಾಕು, ಅದು ಅರೇ ಅಂತ ತೀರ್ಮಾನಿಸಿಬಿಡುತ್ತದೆ. ಇಂಥ ಕಡೆ ಆಬ್ಜೆಕ್ಟ್‌ಗೆಂದೇ ಇರುವ ಫಾರ್‌ಓನ್ ಬಳಸಿ ಅಂತ ಅದರ ಡಾಕ್ಯುಮೆಂಟೇಶನ್ನೇ ಹೇಳುತ್ತದೆ. ಹಾಗಾದರೆ ಒಂದೇ ಫಂಕ್ಷನ್ ಅನ್ನುವ ಆಸೆ ಅಲ್ಲಿಗೇ ಮುಗಿಯಿತು.

ಹಳೆಯ ಜೆಕ್ವೆರಿ ಇಲ್ಲಿ ಜಾಣ. ಲೆಂಗ್ತ್ 6 ಅಂತ ಕಂಡರೆ, (ಅರೇ ಎಣಿಕೆ 0ಯಿಂದ ಶುರುವಾಗುವುದರಿಂದ) 5 ಅನ್ನುವ ಕೀ ನಿಜವಾಗಿ ಇದೆಯಾ ಅಂತಲೂ ನೋಡುತ್ತದೆ. ಇಲ್ಲದಿದ್ದರೆ ಆಬ್ಜೆಕ್ಟ್ ಅಂತಲೇ ತಿಳಿದು ಕಲರ್, ರೇಟ್ ಎಲ್ಲವನ್ನೂ ಸರಿಯಾಗಿ ಕೊಡುತ್ತದೆ. ಆದರೆ ಲೆಂಗ್ತ್ 0 ಇಟ್ಟು ನೋಡಿ. ಖಾಲಿ ಅರೇ ಅಂದುಕೊಂಡು ಸುಮ್ನೆ ವಾಪಸ್ ಬರುತ್ತದೆ, ಎರರ್ ಕೂಡ ಇಲ್ಲ.

ಮ್ಯಾಪ್ ಮತ್ತು ಸೆಟ್ (ಒಂದೇ ಐಟಂ ಎರಡು ಸಲ ಇರದ ಗುಂಪು) ಕೊಟ್ಟಾಗ ಎರಡೂ ಲೈಬ್ರರಿ ಸೋಲುತ್ತವೆ. ಲೂಪ್ ಒಂದು ಸಲವೂ ಓಡುವುದಿಲ್ಲ, ಯಾವ ದೂರೂ ಇಲ್ಲ. ಎರರ್ ಬಂದಿದ್ದರೆ ವಾಸಿ ಅನ್ನಿಸುವುದು ಇಂಥ ಕಡೆಯೇ.

ನನ್ನ ಫಂಕ್ಷನ್ ಲೆಂಗ್ತ್ ಕಡೆ ತಿರುಗಿಯೂ ನೋಡುವುದಿಲ್ಲ. ಸಿಂಬಲ್.ಇಟರೇಟರ್, ಅಂದರೆ ಒಂದೊಂದಾಗಿ ಐಟಂ ಕೊಡುವ ವ್ಯವಸ್ಥೆ, ಇದೆಯಾ ಅಂತ ಕೇಳುತ್ತದೆ. ಇದ್ದರೆ ಫಾರ್-ಆಫ್. ಇಲ್ಲದಿದ್ದರೆ, ಆಬ್ಜೆಕ್ಟ್ ಆಗಿದ್ದರೆ, ಅದರ ಕೀ-ವ್ಯಾಲ್ಯೂ ಜೋಡಿಗಳನ್ನು ಕೊಡುವ ಆಬ್ಜೆಕ್ಟ್.ಎಂಟ್ರೀಸ್. ಫಾರ್-ಆಫ್ ಬಂದದ್ದು ಭಾಷೆಯ 2015ರ ಆವೃತ್ತಿಯಲ್ಲಿ, ಎಂಟ್ರೀಸ್ 2017ರಲ್ಲಿ, ಹಾಗಾಗಿ ಬ್ರೌಸರ್ ಚಿಂತೆ ಈಗ ಬೇಡ. ನಂಬರ್ ಕೊಟ್ಟರೆ ಟೈಪ್‌ಎರರ್ ಎಸೆಯುತ್ತದೆ. ಸ್ಟ್ರಿಂಗ್‌ಗೆ (ಅಕ್ಷರಗಳ ಸಾಲು) ಇಟರೇಟರ್ ಇದ್ದರೂ ಅಷ್ಟೇ, ಅದು ಬೇಕೆಂದೇ ಮಾಡಿದ್ದು. ‘ಕೆಂಪು’ ಅನ್ನುವ ಪದವನ್ನು ಫಾರ್-ಆಫ್‌ಗೆ ಕೊಟ್ಟರೆ ಐದು ತುಂಡು ಬರುತ್ತವೆ: ಕ, ಎತ್ವ, ಸೊನ್ನೆ, ಪ, ಕೊಂಬು. ಬಣ್ಣಗಳ ಅರೇ ಬರಬೇಕಾದ ಜಾಗಕ್ಕೆ ಒಂದೇ ಬಣ್ಣದ ಸ್ಟ್ರಿಂಗ್ ಬಂದರೆ ಸ್ಕ್ರೀನ್ ಮೇಲೆ ಈ ಐದು ತುಂಡು ಸಾಲಾಗಿ ನಿಲ್ಲುತ್ತವೆ.

ಲೂಪನ್ನು ನಡುವೆ ನಿಲ್ಲಿಸುವುದು ಹೇಗೆ? ಎರಡೂ ಲೈಬ್ರರಿಗಳಲ್ಲಿ ಕಾಲ್‌ಬ್ಯಾಕ್‌ನಿಂದ ಫಾಲ್ಸ್ ರಿಟರ್ನ್ ಮಾಡಿದರೆ ನಿಲ್ಲುತ್ತದೆ. ಅನುಕೂಲವೇ, ಆದರೆ ಒಂದೇ ಸಾಲಿನ ಆರೋ ಫಂಕ್ಷನ್‌ನಲ್ಲಿ ಸೆಟ್‌ನ ಡಿಲೀಟ್ ಕರೆದರೆ ಅದೂ ಟ್ರೂ ಅಥವಾ ಫಾಲ್ಸ್ ಕೊಡುತ್ತದೆ. ಸೆಟ್‌ನಲ್ಲಿ ಇಲ್ಲದ ಐಟಂ ಸಿಕ್ಕ ಕೂಡಲೇ ಲೂಪ್ ಬಂದ್. ಯಾಕೆ ನಿಂತಿತು ಅಂತ ಹುಡುಕುತ್ತಾ ಕೂರಬೇಕು. ನನ್ನದು ಜನರೇಟರ್ ಫಂಕ್ಷನ್. ಕೀ-ವ್ಯಾಲ್ಯೂ ಜೋಡಿಗಳನ್ನು ಒಂದೊಂದಾಗಿ ಕೊಡುತ್ತದೆ ಅಷ್ಟೇ, ಲೂಪ್ ಬರೆಯುವುದು ನಾವು. ಹಾಗಾಗಿ ಬ್ರೇಕ್ ನಡೆಯುತ್ತದೆ, ಅವೈಟ್ (ಒಂದು ಕೆಲಸ ಮುಗಿಯುವ ತನಕ ಕಾಯುವುದು) ಕೂಡ ನಡೆಯುತ್ತದೆ.

ಪ್ರಾಜೆಕ್ಟ್‌ನಲ್ಲಿ ಮೊದಲೇ ಜೆಕ್ವೆರಿ ಇದ್ದು, ಬರೀ ಅರೇ ಮತ್ತು ಸಾದಾ ಆಬ್ಜೆಕ್ಟ್ ಸಾಕು ಅನ್ನುವುದಾದರೆ ಈಚ್ ತೆಗೆದುಹಾಕಬೇಕಾಗಿಲ್ಲ. ಇದೊಂದು ಫಂಕ್ಷನ್‌ಗೋಸ್ಕರ ಹೊಸದಾಗಿ ಲೋಡ್ಯಾಶ್ ತರುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ವಿಷಯದಲ್ಲಿ ಮೂರೂ ಅಷ್ಟೇ. ಆಬ್ಜೆಕ್ಟ್‌ಗೆ 10 ಅನ್ನುವ ಕೀ ಮೊದಲು ಹಾಕಿ, ಆಮೇಲೆ 2 ಹಾಕಿದರೂ ಲೂಪ್‌ನಲ್ಲಿ 2 ಮುಂದೆ ಬರುತ್ತದೆ. ಅದು ಭಾಷೆಯದೇ ನಿಯಮ. ಹಾಕಿದ ಕ್ರಮದಲ್ಲೇ ಬೇಕು ಅಂದರೆ ಮ್ಯಾಪ್ ಬಳಸಬೇಕು, ಆಗ ಆ ಎರಡು ಲೈಬ್ರರಿ ಫಂಕ್ಷನ್‌ಗಳೂ ಲೆಕ್ಕಕ್ಕಿಲ್ಲ.