ವರ್ಗೀಕರಣದ ಕಣ್ಣಿನಿಂದ 2025ರ ಮಾನ್‌ಸ್ಟರ್ ಮ್ಯಾನ್ಯುಯಲ್

ಪಾತ್ರ ವಹಿಸಿ ಕಥೆ ಕಟ್ಟುತ್ತಾ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ‘ಹೋಲ್ಡ್ ಪರ್ಸನ್’ ಮಂತ್ರಕ್ಕೆ ಎದುರಿನ ಜೀವಿ ಸ್ತಂಭಿಸುವುದು ಅದು ‘ಹ್ಯೂಮನಾಯ್ಡ್’ (ಮನುಷ್ಯಸದೃಶ) ವರ್ಗಕ್ಕೆ ಸೇರಿದ್ದರೆ ಮಾತ್ರ. ಆಟದ ಜೀವಿಗಳ ಕೈಪಿಡಿಯಾದ ಮಾನ್‌ಸ್ಟರ್ ಮ್ಯಾನ್ಯುಯಲ್‌ನ 2014ರ ಆವೃತ್ತಿಯಲ್ಲಿ ಗಾಬ್ಲಿನ್ ಎಂಬ ಕುಳ್ಳ ಜೀವಿ ಆ ವರ್ಗದಲ್ಲಿತ್ತು. 2025ರ ಫೆಬ್ರವರಿಯಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಹೊರತಂದ ಹೊಸ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಅದನ್ನು ‘ಫೇ’ (ಯಕ್ಷಿಣಿಲೋಕದ ಜೀವಿಗಳ) ವರ್ಗಕ್ಕೆ ಸೇರಿಸಲಾಗಿದೆ. ಹೆಸರಿನ ಕೆಳಗಿನ ಒಂದು ಪದ ಬದಲಾದ ಕಾರಣಕ್ಕೆ ಆ ಮಂತ್ರ ಗಾಬ್ಲಿನ್‌ಗೆ ತಾಗುವುದಿಲ್ಲ. ಹಿಂದೆ ಅದರೆದುರು ಉಪಯೋಗಕ್ಕೆ ಬಾರದಿದ್ದ ‘ಪ್ರೊಟೆಕ್ಷನ್ ಫ್ರಮ್ ಈವಿಲ್ ಅಂಡ್ ಗುಡ್’ ಈಗ ರಕ್ಷಣೆ ಕೊಡುತ್ತದೆ. ಹೀಗೆ ಈ ಆಟದಲ್ಲಿ ವರ್ಗವೆಂಬುದು ವಿವರಣೆಯಷ್ಟೇ ಅಲ್ಲ, ನಿಯಮವೂ ಹೌದು. ಆದ್ದರಿಂದ ಈ ಪುಸ್ತಕದ ಚಿತ್ರಗಳ ಸೊಗಸನ್ನು ಬದಿಗಿಟ್ಟು, ಇದು ಎಂತಹ ಪಟ್ಟಿ, ಇದರ ವಿಂಗಡಣೆ ಎಷ್ಟು ಸಮರ್ಪಕ ಎಂಬುದನ್ನೇ ಇಲ್ಲಿ ಪರಿಶೀಲಿಸುತ್ತೇನೆ.

ಈ ಪಟ್ಟಿಗೆ ದೀರ್ಘ ಇತಿಹಾಸವಿದೆ. ಆಟವನ್ನು ರೂಪಿಸಿದವರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1977ರಲ್ಲಿ ರಚಿಸಿದ ಮೊದಲ ಮಾನ್‌ಸ್ಟರ್ ಮ್ಯಾನ್ಯುಯಲ್ ಕೇವಲ 112 ಪುಟಗಳಲ್ಲಿ 350ಕ್ಕೂ ಹೆಚ್ಚು ಜೀವಿಗಳನ್ನು ಅಕಾರಾದಿಯಾಗಿ ಜೋಡಿಸಿತ್ತು. ಒಂದು ಜೀವಿ ಎಷ್ಟು ಅಪರೂಪ, ಎಷ್ಟು ಸಂಖ್ಯೆಯಲ್ಲಿ ಎದುರಾಗುತ್ತದೆ, ತನ್ನ ಬಿಲದಲ್ಲೇ ಸಿಗುವ ಸಾಧ್ಯತೆ ಶೇಕಡಾ ಎಷ್ಟು ಎಂಬುದನ್ನೆಲ್ಲ ಅದು ದಾಖಲಿಸುತ್ತಿತ್ತು. ಹೀಗೆ ಇಲ್ಲದ ಪ್ರಾಣಿಗಳನ್ನು ಪ್ರಾಣಿಶಾಸ್ತ್ರಜ್ಞನ ಶಿಸ್ತಿನಿಂದ ಬರೆದಿಟ್ಟದ್ದೇ ಅದರ ದೊಡ್ಡ ಸಾಧನೆ. ಆದರೆ ಎಲ್ಲ ಜೀವಿಗಳಿಗೂ ಅನ್ವಯಿಸುವ ವರ್ಗವ್ಯವಸ್ಥೆ ಅದರಲ್ಲಿರಲಿಲ್ಲ. 1989ರ ಎರಡನೆಯ ಆವೃತ್ತಿ ಬಿಡಿಹಾಳೆಗಳನ್ನು ಬೈಂಡರ್‌ನಲ್ಲಿ ಪೋಣಿಸುವ ಕ್ರಮವನ್ನು ತಂದಿತು. ಹೊಸ ಹಾಳೆಗಳು ಬಂದಂತೆಲ್ಲ ನಡುವೆ ಸೇರಿಸಿಕೊಳ್ಳಬಹುದೆಂಬ ಆಲೋಚನೆ ಒಳ್ಳೆಯದೇ. ಆದರೆ ಒಂದೇ ಹಾಳೆಯ ಎರಡು ಬದಿಗಳಲ್ಲಿ ಎರಡು ಬೇರೆ ಜೀವಿಗಳು ಅಚ್ಚಾದಾಗ ಅಕ್ಷರಕ್ರಮವನ್ನು ಉಳಿಸಿಕೊಳ್ಳುವುದು ಯಾರಿಂದಲೂ ಸಾಧ್ಯವಿರಲಿಲ್ಲ. 1993ರಲ್ಲಿ ಅದು ಮತ್ತೆ ಗಟ್ಟಿ ರಟ್ಟಿನ ಪುಸ್ತಕವಾಯಿತು. ಪ್ರತಿಯೊಂದು ಜೀವಿಗೂ ಒಂದು ವರ್ಗ, ಆ ವರ್ಗದಿಂದಲೇ ಅದರ ಪ್ರಾಣಬಲವನ್ನೂ ದಾಳಿಯ ಶಕ್ತಿಯನ್ನೂ ಲೆಕ್ಕ ಹಾಕುವ ಪದ್ಧತಿ ಬಂದದ್ದು 2000ದ ಮೂರನೆಯ ಆವೃತ್ತಿಯಲ್ಲಿ.

ಈಗಿನ ಪುಸ್ತಕ 384 ಪುಟಗಳದ್ದು, ಜೀವಿಗಳು 500ಕ್ಕೂ ಹೆಚ್ಚು. 2014ರ ಹದಿನಾಲ್ಕು ವರ್ಗಗಳನ್ನೇ ಇದು ಉಳಿಸಿಕೊಂಡಿದ್ದರೂ ಯಾವ ಜೀವಿ ಎಲ್ಲಿ ಸೇರಬೇಕೆಂಬ ಪ್ರಶ್ನೆಯನ್ನು ಧೈರ್ಯವಾಗಿ ಮರಳಿ ಎತ್ತಿಕೊಂಡಿದೆ. ಹಲ್ಲಿಯಂತಹ ಕುಳ್ಳ ಕೋಬೋಲ್ಡ್ ಡ್ರ್ಯಾಗನ್ ವರ್ಗಕ್ಕೆ ಹೋಗಿದೆ, ಕತ್ತೆಕಿರುಬದ ಮುಖದ ನಾಲ್ ಮತ್ತು ಮೀನುಮನುಷ್ಯ ಸಹುವಾಗಿನ್ ಫೀಂಡ್ (ದುಷ್ಟಲೋಕಗಳ ಜೀವಿಗಳ) ವರ್ಗಕ್ಕೆ, ಹಕ್ಕಿಮನುಷ್ಯರಾದ ಆರಕೋಕ್ರ ಎಲಿಮೆಂಟಲ್ (ಗಾಳಿ, ಬೆಂಕಿಯಂತಹ ಮೂಲತತ್ತ್ವಗಳ ಜೀವಿಗಳ) ವರ್ಗಕ್ಕೆ. ಆರ್ಕ್ ಮತ್ತು ಡ್ರೌ ಎಂಬ ಜನಾಂಗಗಳಿಗೆ ಪ್ರತ್ಯೇಕ ಸ್ಟ್ಯಾಟ್ ಬ್ಲಾಕ್ (ಜೀವಿಯ ಬಲಾಬಲಗಳ ಅಂಕಿಪಟ್ಟಿ) ಇಲ್ಲ. ಅವರಲ್ಲೊಬ್ಬ ಡಕಾಯಿತನಾದರೆ ಡಕಾಯಿತನ ಬ್ಲಾಕನ್ನೇ ಬಳಸಬೇಕು. ಇದಕ್ಕೆ ಆಕ್ಷೇಪಗಳಿವೆ, ಆದರೆ ನನ್ನ ದೃಷ್ಟಿಯಲ್ಲಿ ಇದು ಪುಸ್ತಕದ ಅತ್ಯುತ್ತಮ ನಿರ್ಧಾರ. ಹಿಂದೆ ಎರಡು ಕಾಲಿನ ಮೇಲೆ ನಡೆದು ಆಯುಧ ಹಿಡಿದದ್ದೆಲ್ಲ ಹ್ಯೂಮನಾಯ್ಡ್ ಎನಿಸಿಕೊಳ್ಳುತ್ತಿತ್ತು. ಈಗ ಆ ವರ್ಗದಲ್ಲಿ ಉಳಿದಿರುವವರು, ಹುಟ್ಟಿನಿಂದಲ್ಲ, ಕಸುಬಿನಿಂದ ಮತ್ತು ಆಯ್ಕೆಯಿಂದ ಗುರುತಿಸಲ್ಪಡುವ ಜನ. ಆಕಾರದ ಬದಲು ಮೂಲವನ್ನು ಆಧಾರವಾಗಿಟ್ಟುಕೊಂಡ ಈ ವಿಂಗಡಣೆ ಹಳೆಯದಕ್ಕಿಂತ ತರ್ಕಬದ್ಧವಾಗಿದೆ. ಗಾಬ್ಲಿನ್, ಹಾಬ್‌ಗಾಬ್ಲಿನ್, ಬಗ್‌ಬೇರ್‌ಗಳ ಪರಸ್ಪರ ಬಂಧುತ್ವವನ್ನು ವರ್ಗದ ಪಕ್ಕದ ‘ಗಾಬ್ಲಿನಾಯ್ಡ್’ ಎಂಬ ಉಪಸೂಚನೆ ಕಾಪಾಡಿರುವುದೂ ಮೆಚ್ಚಬೇಕಾದ ಎಚ್ಚರ.

ನಾಗಗಳ ವಿಷಯದಲ್ಲೂ ಇದೇ ತರ್ಕ ಫಲ ಕೊಟ್ಟಿದೆ. 2014ರಲ್ಲಿ ಕಾವಲು ನಾಗವೂ ಕೇಡಿನ ನಾಗವೂ ಒಂದೇ ‘ಮಾನ್‌ಸ್ಟ್ರಾಸಿಟಿ’ (ವಿಚಿತ್ರ ಜೀವಿಗಳ) ವರ್ಗದಲ್ಲಿದ್ದವು. ಈಗ ಗಾರ್ಡಿಯನ್ ನಾಗ ಸೆಲೆಸ್ಟಿಯಲ್, ಸ್ಪಿರಿಟ್ ನಾಗ ಫೀಂಡ್. ನಾಗಬನಕ್ಕೆ ತನು ಎರೆಯುವ ನಾಡಿನ ಓದುಗರಿಗೆ ಕಾಯುವ ನಾಗ ದೈವೀ ವರ್ಗ ಸೇರಿದ್ದು ಸಹಜವಾಗಿಯೇ ಕಾಣುತ್ತದೆ. ರಾಕ್ಷಸನ ಮಾತು ಬೇರೆ. 1977ರಿಂದಲೂ ಪಟ್ಟಿಯಲ್ಲಿರುವ ಈ ಹುಲಿತಲೆಯ ಮಾಯಾವಿ ಇಲ್ಲಿಯೂ ಫೀಂಡ್, ಚಾಲೆಂಜ್ ರೇಟಿಂಗ್ (ಎದುರಿಸುವುದು ಎಷ್ಟು ಕಷ್ಟವೆಂಬ ಅಳತೆ) 13, ಸ್ವಭಾವ ದುಷ್ಟ. ಆದರೆ ನಮ್ಮ ಪುರಾಣಗಳಲ್ಲಿ ರಾಕ್ಷಸರು ಒಂದು ಕುಲ: ರಾವಣನೂ ಪುಲಸ್ತ್ಯ ಋಷಿಯ ಮೊಮ್ಮಗ, ವಿಭೀಷಣನೂ ಹೌದು, ಘಟೋತ್ಕಚ ಪಾಂಡವರಿಗಾಗಿ ಪ್ರಾಣ ಕೊಟ್ಟವನು. ಜೈನ ಪರಂಪರೆಯಂತೂ, ನಮ್ಮ ನಾಗಚಂದ್ರನ ಕಾವ್ಯವೂ ಸೇರಿದಂತೆ, ಅವರನ್ನು ವಿದ್ಯಾಧರರ ಒಂದು ವಂಶವೆಂದೇ ಪರಿಗಣಿಸುತ್ತದೆ. ಆರ್ಕ್‌ಗೆ ಅನ್ವಯಿಸಿದ ಅಳತೆಗೋಲನ್ನೇ ಇಲ್ಲಿಗೂ ತಂದಿದ್ದರೆ ರಾಕ್ಷಸನ ವರ್ಗ ಹ್ಯೂಮನಾಯ್ಡ್ ಅಥವಾ ಜೈಂಟ್ ಆಗಬೇಕಿತ್ತು. ಆಟದ ರಾಕ್ಷಸನಿಗೂ ನಮ್ಮವನಿಗೂ ಹೆಸರಿನ ಸಂಬಂಧ ಮಾತ್ರ ಎಂದು ವಾದಿಸಬಹುದು. ಹಾಗಿದ್ದರೆ ಅಷ್ಟನ್ನಾದರೂ ಪುಸ್ತಕವೇ ಹೇಳಬೇಕಿತ್ತು.

ಇದಕ್ಕಿಂತ ದೊಡ್ಡ ಕೊರತೆಯೆಂದರೆ ಮಾನ್‌ಸ್ಟ್ರಾಸಿಟಿ ವರ್ಗವೇ. ಗೂಬೆ ಮತ್ತು ಕರಡಿಗಳ ಮಿಶ್ರಣವಾದ ಔಲ್‌ಬೇರ್, ಕಬ್ಬಿಣವನ್ನು ತುಕ್ಕಾಗಿಸಿ ತಿನ್ನುವ ರಸ್ಟ್ ಮಾನ್‌ಸ್ಟರ್, ನೆಲದಡಿಯಿಂದ ಎರಗುವ ‘ಬುಲೆಟ್’ ಎಂಬ ಮೃಗ, ಪೆಟ್ಟಿಗೆಯಂತೆ ವೇಷ ಹಾಕುವ ಮಿಮಿಕ್, ಮಾತನಾಡಿ ಸಂಚು ಹೂಡುವ ಮೆಡೂಸ, ಊರನ್ನೇ ನುಂಗಬಲ್ಲ ಟರಾಸ್ಕ್ ಎಲ್ಲವೂ ಇದರಲ್ಲಿವೆ. ಮೊದಲ ಮೂರರ ರೂಪ ಗೈಗ್ಯಾಕ್ಸ್‌ಗೆ ಹೊಳೆದದ್ದು ಅಗ್ಗದ ಪ್ಲಾಸ್ಟಿಕ್ ಆಟಿಕೆಗಳನ್ನು ನೋಡಿ ಎಂಬುದು ಆಟಗಾರರಿಗೆಲ್ಲ ತಿಳಿದ ಸಂಗತಿ. ಯಾವ ಕುಲಕ್ಕೂ ಸೇರದ ಜೀವಿಗಳಿಗೆ ಒಂದು ನೆಲೆ ಬೇಕೆಂಬುದೂ ನಿಜ. ಆದರೆ 2003ರ ಪರಿಷ್ಕೃತ ಮೂರನೆಯ ಆವೃತ್ತಿ ಇವನ್ನೇ ಎಷ್ಟು ಸೂಕ್ಷ್ಮವಾಗಿ ಬಿಡಿಸಿತ್ತೆಂದರೆ, ಔಲ್‌ಬೇರ್, ಬುಲೆಟ್, ಟರಾಸ್ಕ್ ‘ಮ್ಯಾಜಿಕಲ್ ಬೀಸ್ಟ್’ ಆಗಿದ್ದವು, ಮೆಡೂಸ ‘ಮಾನ್‌ಸ್ಟ್ರಸ್ ಹ್ಯೂಮನಾಯ್ಡ್’ ಆಗಿತ್ತು, ಮಿಮಿಕ್ ಮತ್ತು ರಸ್ಟ್ ಮಾನ್‌ಸ್ಟರ್ ‘ಅಬರೇಷನ್’ (ವಿಕೃತ ಜೀವಿ) ಆಗಿದ್ದವು. ವರ್ಗವನ್ನು ಕೇಳಿದೊಡನೆ ಎದುರಿಗಿರುವುದು ಬೇಟೆಯೋ, ಮಾತುಕತೆಗೆ ಒಗ್ಗುವ ಶತ್ರುವೋ ಎಂಬುದು ಆಗ ತಿಳಿಯುತ್ತಿತ್ತು. ಮಾನ್‌ಸ್ಟ್ರಾಸಿಟಿ ಎಂಬ ಪದದಿಂದ ಅಂತಹದ್ದೇನೂ ತಿಳಿಯುವುದಿಲ್ಲ.

ಜೋಡಣೆಯ ಕ್ರಮವೂ ಬದಲಾಗಿದೆ. 2014ರಲ್ಲಿ ಡೀಮನ್‌ಗಳೆಲ್ಲ ಒಂದೆಡೆ, ಡೆವಿಲ್‌ಗಳೆಲ್ಲ ಒಂದೆಡೆ ಇದ್ದವು. ಈಗ ಬಹುಪಾಲು ಜೀವಿಗಳು ತಮ್ಮ ಸ್ವಂತ ಹೆಸರಿನ ಅಕ್ಷರಕ್ಕೆ ಹೋಗಿವೆ: ಬೇಲರ್ ಎಂಬ ಡೀಮನ್ ‘ಬಿ’ಯಲ್ಲಿ, ಪಿಟ್ ಫೀಂಡ್ ಎಂಬ ಡೆವಿಲ್ ‘ಪಿ’ಯಲ್ಲಿ, ಹಲವು ಕಣ್ಣುಗಳ ತೇಲುವ ಗೋಳದಂತಹ ಬಿಹೋಲ್ಡರ್‌ನ ಬಂಧುಗಳಾದ ಡೆತ್ ಟೈರಂಟ್ ಮತ್ತು ಸ್ಪೆಕ್ಟೇಟರ್ ದೂರದೂರದ ಪುಟಗಳಲ್ಲಿ. ಆಟ ನಡೆಯುತ್ತಿರುವಾಗ ಹೆಸರು ಗೊತ್ತಿರುವ ಜೀವಿಯನ್ನು ತಟ್ಟನೆ ಹುಡುಕಲು ಇದು ನಿಜಕ್ಕೂ ಅನುಕೂಲ. ಆದರೆ ಮನೆಯಲ್ಲಿ ಕುಳಿತು ಮುಂದಿನ ಸಾಹಸವನ್ನು ಹೆಣೆಯುವ ಡಂಜನ್ ಮಾಸ್ಟರ್‌ಗೆ (ಆಟ ನಡೆಸುವವರಿಗೆ) ಒಂದು ಕುಲವನ್ನು ಇಡಿಯಾಗಿ ಓದುವ ಸುಖ ತಪ್ಪಿದೆ, ಕಥಾವಿವರಣೆಯೂ ಹಿಂದಿಗಿಂತ ಮೊಟಕಾಗಿದೆ. ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುವುದು ಕೊನೆಯ ಅನುಬಂಧ: ವರ್ಗ, ವಾಸಸ್ಥಾನ, ಚಾಲೆಂಜ್ ರೇಟಿಂಗ್‌ಗಳ ಪ್ರಕಾರ ಬೇರೆ ಬೇರೆ ಪಟ್ಟಿಗಳು ಅಲ್ಲಿವೆ. ಜೌಗುನೆಲದಲ್ಲಿ ಏನೇನು ಸಿಗುತ್ತದೆ ಎಂಬ ಪ್ರಶ್ನೆಗೆ ಒಂದೇ ಕಡೆ ಉತ್ತರ ದೊರೆಯುತ್ತದೆ. ನಾನು ಅತಿ ಹೆಚ್ಚು ತೆರೆಯುವ ಪುಟಗಳೂ ಅವೇ.

ಹೊಸ ನಿಯಮಗಳಲ್ಲಿ ಆಟ ನಡೆಸುವವರು ಇದನ್ನು ಕೊಳ್ಳಬೇಕೆಂದೇ ನನ್ನ ಶಿಫಾರಸು. 2014ರ ಪ್ರತಿ ಇದ್ದವರು ಅದನ್ನು ಮಾರಿಬಿಡದೆ, ಕುಲಗಳ ಕಥೆಗಾಗಿ ಪಕ್ಕದಲ್ಲೇ ಇಟ್ಟುಕೊಳ್ಳುವುದು ಒಳಿತು. ಹೊಸದಾಗಿ ಆಟಕ್ಕೆ ಬರುವವರು ಆತುರಪಡಬೇಕಾಗಿಲ್ಲ: 2025ರ ಏಪ್ರಿಲ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಚಿತವಾಗಿ ಬಿಡುಗಡೆಯಾದ, ಆಟದ ಮೂಲ ನಿಯಮಗಳ ಎಸ್‌ಆರ್‌ಡಿ 5.2 ದಾಖಲೆಯಲ್ಲಿ ನೂರಾರು ಜೀವಿಗಳ ಸ್ಟ್ಯಾಟ್ ಬ್ಲಾಕ್‌ಗಳು ಹೊಸ ವರ್ಗಗಳ ಸಮೇತ ಸಿಗುತ್ತವೆ. ಬಿಹೋಲ್ಡರ್, ಮೈಂಡ್ ಫ್ಲೇಯರ್‌ನಂತಹ ಕೆಲವನ್ನು ಪ್ರಕಾಶಕರು ಅದರಿಂದ ಹೊರಗಿಟ್ಟಿದ್ದಾರೆ; ಅವು ಬೇಕೆನಿಸಿದಾಗ ಪುಸ್ತಕ ಕೊಂಡರೆ ಸಾಕು.