ಪ್ಯಾರಾಸಿಟಮಾಲ್ ಒಳ್ಳೆಯದಾ, ಐಬುಪ್ರೊಫೆನ್ ಒಳ್ಳೆಯದಾ?

ಮನೆಯಲ್ಲಿ ನೋವು, ಜ್ವರದ ಈ ಎರಡು ಮಾತ್ರೆಗಳಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳಿದ್ದೀರಿ. ಅದು ನೋವು ಎಂಥದ್ದು, ನುಂಗುವವರು ಯಾರು ಎನ್ನುವುದರ ಮೇಲೆ ನಿಂತಿದೆ.

ಜ್ವರ ಇಳಿಸಲು ಎರಡೂ ಆಗುತ್ತವೆ. ಬರೀ ಜ್ವರ, ತಲೆನೋವು ಇದ್ದರೆ ನಾನು ಮೊದಲು ಪ್ಯಾರಾಸಿಟಮಾಲ್ ಕಡೆಗೇ ವಾಲುತ್ತೇನೆ. ಕಾಲು ಉಳುಕಿ ಊದಿಕೊಂಡಿದೆಯೇ, ಹಲ್ಲುನೋವೇ, ಮುಟ್ಟಿನ ನೋವೇ? ಅಲ್ಲಿ ಐಬುಪ್ರೊಫೆನ್ ಜಾಸ್ತಿ ಕೆಲಸ ಮಾಡುತ್ತದೆ, ಏಕೆಂದರೆ ಅದು ಉರಿಯೂತವನ್ನೂ ತಗ್ಗಿಸುತ್ತದೆ.

ಹೊಟ್ಟೆಯ ವಿಷಯದಲ್ಲಿ ಪ್ಯಾರಾಸಿಟಮಾಲ್ ಮೃದು. ಐಬುಪ್ರೊಫೆನ್ ಹುಣ್ಣು, ರಕ್ತಸ್ರಾವ ತರಬಹುದು, ಮೂತ್ರಪಿಂಡಕ್ಕೂ ಹೊರೆ. ಅಲ್ಸರ್, ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರು, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಲೇಬಾರದು. ಡೆಂಗಿ ಅನುಮಾನ ಇದ್ದರೂ ಬೇಡ.

ಹಾಗಂತ ಪ್ಯಾರಾಸಿಟಮಾಲ್ ಸುಮ್ನೆ ನುಂಗುವ ಮಾತ್ರೆಯಲ್ಲ. ಮಿತಿ ಮೀರಿದರೆ ಪಿತ್ತಜನಕಾಂಗವೇ ಹಾಳಾಗುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಗರಿಷ್ಠ 4 ಗ್ರಾಂ, ಅಂದರೆ 500 ಮಿಲಿಗ್ರಾಂನ 8 ಮಾತ್ರೆ. ಮದ್ಯಪಾನ ಜಾಸ್ತಿ ಮಾಡುವವರಿಗೆ ಈ ಮಿತಿ ಇನ್ನೂ ಕಡಿಮೆ. ನೆಗಡಿ ಮಾತ್ರೆಗಳಲ್ಲೂ ಇದು ಸೇರಿರುತ್ತದೆ, ಲೇಬಲ್ ಓದಿ ಲೆಕ್ಕ ಹಾಕಿ. ಮಕ್ಕಳಿಗೆ ತೂಕ ನೋಡಿಯೇ ಪ್ರಮಾಣ. 3 ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ಎರಡನ್ನೂ ಬದಿಗಿಟ್ಟು ನೇರ ಡಾಕ್ಟರ ಬಳಿ ಹೋಗಿ.